ಗೇಟಿನ ಚಿಲಕ ಮತ್ತು ಇಪ್ಪತ್ತೆಂಟು ಕಣಗಳು

ಒಮ್ಮೆ ಚಿಲಕ ಹಾಕಿದ ಮೇಲೆ ಹಿಂದೆ ತಿರುಗಿ ನೋಡದೆ ಹೋಗುವವರೂ ಜಗತ್ತಿನಲ್ಲಿ ಇದ್ದಾರಂತೆ. ನನಗೆ ಆ ಭಾಗ್ಯವಿಲ್ಲ. ಸವದತ್ತಿಯ ನಮ್ಮ ಮನೆಯ ಬಾಗಿಲನ್ನು ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವುದು ನನ್ನ ನಿತ್ಯಕರ್ಮ. "ಬಾಗಿಲಾ ಕಿತ್ತು ಹೆಗಲ ಮ್ಯಾಲ ಹೊತ್ಕೊಂಡ ಹೋಗ್ರಿ, ಚಿಂತೀನ ಇರೂದಿಲ್ಲ" ಎನ್ನುತ್ತಾಳೆ ಹೆಂಡತಿ. ಹೊತ್ತುಕೊಂಡು ಹೋದರೆ ಬಸ್ಸಿನಲ್ಲಿ ಎಲ್ಲಿ ಇಡುವುದು ಎಂಬ ಚಿಂತೆ ಅವಳಿಗೆ ಹೊಳೆದಿಲ್ಲ.

ಇಂಥವನು ಉಗರಗೋಳದ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಐದನೆಯ ತರಗತಿಯ ಇಪ್ಪತ್ತೆಂಟು ಮಕ್ಕಳಿಗೆ ಘನ, ದ್ರವ, ಅನಿಲಗಳನ್ನು ಹಲಗೆಯ ಮೇಲೆ ಚುಕ್ಕಿ ಇಟ್ಟು ಮೂರು ದಿನ ಹೇಳಿದೆ. ಅವರು ಚುಕ್ಕಿ ಸೇರಿಸಿ ರಂಗೋಲಿ ಮಾಡಿದರು. ಕೊನೆಗೆ ಅಂಗಳಕ್ಕೆ ಕರೆದೊಯ್ದು ಅವರನ್ನೇ ಕಣಗಳಾಗಿಸುವುದೆಂದು ನಿರ್ಧರಿಸಿದೆ. ನಿರ್ಧರಿಸಿದ್ದೇ ತಡ, ಚಿಂತೆ ಶುರುವಾಯಿತು. ಬಿದ್ದರೆ? ಹಲ್ಲು ಮುರಿದರೆ? ಮಂಗಳವಾರ ಬೇರೆ, ಗೇಟಿನಾಚೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜೀಪು, ಟ್ರ್ಯಾಕ್ಟರುಗಳ ಸಾಲು. ಹೋಗಿ ಚಿಲಕ ನೋಡಿದೆ. ಮಕ್ಕಳನ್ನು ನಿಲ್ಲಿಸಿ ಮತ್ತೊಮ್ಮೆ ಸರಿಸಿ ನೋಡಿದೆ.

ಘನ ಸೊಗಸಾಗಿ ಬಂತು. ಹೆಗಲಿಗೆ ಹೆಗಲೊತ್ತಿ ನಿಂತರು. ಜಾಗ ಬಿಡಬಾರದು, ನಿಂತಲ್ಲೇ ನಡುಗುತ್ತಿರಬೇಕು ಎಂದೆ. ಚಳಿಜ್ವರ ಬಂದವರಂತೆ ನಡುಗಿದರು. ದ್ರವವಾಗಿ ಒಬ್ಬರ ಪಕ್ಕ ಒಬ್ಬರು ಜಾರಿ ಹರಿದರು. ಅವರು ಹರಿಯುತ್ತಿರುವಾಗಲೇ ನಾನು ಓಡಿಹೋಗಿ ಮೂರನೆಯ ಸಲ ಚಿಲಕ ಸರಿಸಿ ಬಂದು, ನಿರಾಳವಾಗಿ "ಅನಿಲ" ಎಂದೆ. ಸಂದು ಸಿಕ್ಕಲ್ಲೆಲ್ಲ ನುಗ್ಗಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಬೇವಿನ ಮರದ ಸುತ್ತ, ಅಡುಗೆ ಕೋಣೆಯ ಹಿಂದೆ, ನೀರಿನ ಟ್ಯಾಂಕಿನ ಬುಡಕ್ಕೆ ನುಗ್ಗಿದರು. ಮತ್ತೆ ತಂಪು ಮಾಡಿ, ಘನವಾಗಿಸಿ, ಎಣಿಸಿದೆ. ಇಪ್ಪತ್ತೇಳು. ಕನ್ನಡಕ ಒರೆಸಿಕೊಂಡು ಎಣಿಸಿದರೂ ಇಪ್ಪತ್ತೇಳೇ. ಹೇಳಿದ ಮಾತು ಮೀರದ ನೀಲವ್ವ ಇರಲಿಲ್ಲ. ಗೇಟು ಒಂದು ಮೊಳ ತೆರೆದಿತ್ತು.

ಹೇಗೆ ಓಡಿದೆನೋ ತಿಳಿಯದು. ಗೇಟು ಮುಟ್ಟುವಷ್ಟರಲ್ಲಿ ಮನಸ್ಸು ಟ್ರ್ಯಾಕ್ಟರಿನ ಗಾಲಿ, ಅವಳ ತಾಯಿಯ ಮುಖ ಎಲ್ಲವನ್ನೂ ಕಂಡುಬಿಟ್ಟಿತ್ತು. ಕಂಪೌಂಡಿಗೆ ಆತುಕೊಂಡೇ ಅವಳ ಅಜ್ಜಿ ಕುಂಕುಮ, ಭಂಡಾರದ ಅರಿಶಿನಪುಡಿ ಮಾರುವ ಅಂಗಡಿ. ಅಲ್ಲಿ ನೀಲವ್ವ ಕೈ ಚಾಚಿ ಇನ್ನೂ ಅನಿಲವಾಗಿಯೇ ತಿರುಗುತ್ತಿದ್ದಳು. ರಸ್ತೆಗೆ ಇಳಿಯದಂತೆ ಅಜ್ಜಿ ಲಂಗದ ತುದಿ ಹಿಡಿದು ಕುಳಿತಿದ್ದಳು. ಯಾಕೆ ಬಂದೆ ಎಂದು ಕೇಳಿದೆ.

"ಸಂದಿ ಸಿಕ್ರ ಹೊರಗ ಹೋಗತೈತಿ ಅಂತ ನೀವ ಅಂದಿದ್ರೆಲ್ರಿ ಸರ. ತಂಪ ಆಗು ಅಂದಿದ್ದು ಇಲ್ಲಿ ಕೇಳಸಲಿಲ್ರಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾಸ್ತರ, ನಾ ಇಲ್ಲಿಂದ ನೋಡಾಕ ಹತ್ತಿದ್ದೆ. ಮೊದಲನೇ ಸಲಾನ ಚಿಲಕಾ ಬಿದ್ದಿತ್ತು. ಕಡೀ ಸಲ ನೀವ ತಗದು ಹೋದ್ರಿ."

ಹುಡುಗಿಯನ್ನು ಒಳಗೆ ಕರೆತಂದು, ಚಿಲಕ ಹಾಕಿ, ಅದರ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಗಂಟೆ ಹೊಡೆದರೂ ಕದಲಲಿಲ್ಲ. ಹೆಡ್ ಟೀಚರು ಬಂದು, ಸರ್‌ಗೆ ಏನಾಗಿದೆ ಎಂದು ಮಕ್ಕಳನ್ನು ಕೇಳಿದರು. ನೀಲವ್ವ ನನ್ನ ಕಾಲು, ಕೈ ಪರೀಕ್ಷಿಸಿ, ಕೈಕಟ್ಟಿ ನಿಂತು ಹೇಳಿದಳು:

"ಸರ ಘನ ಆಗ್ಯಾರ್ರಿ ಟೀಚರ. ಜಾಗಾ ಬಿಡವಲ್ರು, ನಿಂತಲ್ಲೇ ನಡಗಾಕ ಹತ್ಯಾರ."

ಉತ್ತರಕ್ಕೆ ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟೆ. ಕೈ ಮಾತ್ರ ಚಿಲಕ ಬಿಟ್ಟಿರಲಿಲ್ಲ.