ಕೈ ಎತ್ತಿದರೆ ನಿಲ್ಲುವ ಕುದುರೆ

ಗುರುವಾರ, ಸಂಜೆ ಐದು ಗಂಟೆ. ಸ್ಥಳ: ಶಹಾಪುರದ ನಮ್ಮ ಮನೆಯ ಮುಂದಿನ ರಸ್ತೆ. ಹಾಜರಿದ್ದವರು: ನಾನು, ನನ್ನ ಅಣ್ಣ, ಒಂದು ಕುದುರೆ, ಓಣಿಯ ಎಲ್ಲ ಕಿಟಕಿಗಳು. ಹಾಜರಿರಬೇಕಾಗಿದ್ದೂ ಇಲ್ಲದವರು: ವೈನಿ, ಅಂದರೆ ಅಣ್ಣನ ಹೆಂಡತಿ. "ಈ ಹುಚ್ಚಾಟ ನಾ ಕಣ್ಲೆ ನೋಡಂಗಿಲ್ಲ" ಎಂದು ಹೇಳಿ ಹಿತ್ತಿಲ ಬಾಗಿಲಿನಿಂದ ಎಲ್ಲಿಗೋ ಹೋಗಿಬಿಟ್ಟಿದ್ದರು.

ಹೀಗೆ ಶುರು ಮಾಡುವುದು ನನ್ನ ಅಭ್ಯಾಸ. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಡ್ಯೂಟಿ ಬದಲಾಗುವಾಗ ಮೊದಲು ವೇಳೆ ಹೇಳಬೇಕು, ಆಮೇಲೆ ಯಾರಿದ್ದರು, ಆಮೇಲೆ ರೋಗ. ಈಗ ರೋಗಕ್ಕೆ ಬರುತ್ತೇನೆ.

ನನ್ನ ಅಣ್ಣ ಈ ಜಗತ್ತನ್ನು ಎರಡೇ ಭಾಗ ಮಾಡಿದ್ದಾನೆ. ಒಂದು, ಬಸ್ಸು. ಎರಡು, ಇನ್ನೂ ಬಸ್ಸಾಗದೆ ಉಳಿದಿರುವ ವಸ್ತುಗಳು. ಸೇವೆಯುದ್ದಕ್ಕೂ ಶಹಾಪುರ, ಸುರಪುರ, ಯಾದಗಿರಿಗಳ ನಡುವೆ ಸರಕಾರಿ ಬಸ್ಸು ಓಡಿಸಿದ ಮನುಷ್ಯ ಅವನು. ನಿವೃತ್ತನಾದದ್ದು ದೇಹ ಮಾತ್ರ. ಮೊಮ್ಮಗಳು ನಡೆಯಲು ಕಲಿತಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದರೆ ಇವನು, "ಸ್ಟೇರಿಂಗ್ ಇನ್ನಾ ಬಿಗಿ ಅದ" ಎಂದ. ಬೀಗರ ಮನೆಯ ಹೋಳಿಗೆ ತಿಂದು, "ಪಿಕಪ್ ಇಲ್ಲ" ಎಂದ. ಬೀಗರು ಇಂದಿಗೂ ಮರೆತಿಲ್ಲ!

ವೈನಿಯದು ಬೇರೆಯೇ ದೂರು. ಮದುವೆಯಾದ ಹೊಸತರಲ್ಲಿ ಅವರು ತವರಿಗೆ ಹೋಗುತ್ತಿದ್ದುದು ಗಂಡನ ಬಸ್ಸಿನಲ್ಲೇ. ಟಿಕೆಟ್ ತೆಗೆದುಕೊಂಡು, ಎಲ್ಲ ಹೆಂಗಸರ ಜೊತೆ ಕೂತು. ಚಾಲಕನೊಂದಿಗೆ ಮಾತನಾಡಬಾರದು ಎಂದು ಮುಂದೆ ಬರೆದಿತ್ತಲ್ಲ, ಅದನ್ನು ಅಕ್ಷರಶಃ ಪಾಲಿಸಿದ ಏಕೈಕ ಚಾಲಕ ನನ್ನ ಅಣ್ಣ. "ಒಂದ್ ಸಲರ ಹೊಳ್ಳಿ ನೋಡಲಿಲ್ರಿ ನಿಮ್ಮಣ್ಣ. ನಾ ಇಳದೆನೋ ಇಲ್ಲೋ ಅಂತ ಕಂಡಕ್ಟರ್‌ನ್ನ ಕೇಳಿ ತಿಳ್ಕೋತಿದ್ರು!" ಎಂದು ವೈನಿ ಈಗಲೂ ಹೇಳುತ್ತಾರೆ.

ಆ ಕಂಡಕ್ಟರ್ ಈಗ ಗೋಗಿ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ಮನೆ ಮಾಡಿಕೊಂಡಿದ್ದಾರೆ. ದಿನಾ ಸಂಜೆ ಐದಕ್ಕೆ ಅಣ್ಣ ಅಲ್ಲಿಗೆ ಹೋಗಲೇಬೇಕು. ಹೋಗಿ ಏನು ಮಾಡುತ್ತಾನೆ? ಜಗಳ. ಹಳೆಯ ಕಾಲದಲ್ಲಿ ಯಾರೋ ಒಬ್ಬ ಮುದುಕನ ಕುರಿ ಬಸ್ಸಿನ ಟಾಪಿನಲ್ಲೇ ಉಳಿದು ಡಿಪೋ ಸೇರಿತ್ತಂತೆ. ತಪ್ಪು ಚಾಲಕನದೋ ನಿರ್ವಾಹಕನದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಚಹಾ ಕುಡಿದು, ಜಗಳವಾಡಿ ಬಂದರೆ ಅಣ್ಣನಿಗೆ ರೊಟ್ಟಿ ರುಚಿಸುತ್ತದೆ. ಹೋಗದ ದಿನ ಗೋಡೆಗೆ ಮುಖ ಮಾಡಿ ಮಲಗುತ್ತಾನೆ.

ಈ ವರ್ಷ ಅದಕ್ಕೇ ಕುತ್ತು ಬಂತು. ಅಣ್ಣ ಸ್ಕೂಟರಿನೊಂದಿಗೆ ನಮ್ಮ ಓಣಿಯ ತಿರುವಿನ ಚರಂಡಿಗೆ ಬಿದ್ದ. ಅಲ್ಲಿ ಹಾಸುಗಲ್ಲು ಒಡೆದಿದ್ದು ನಿಜ. ಆದರೆ ಅದನ್ನು ಓಣಿಯ ಆಡುಗಳೂ ನೋಡಿ ದಾಟುತ್ತವೆ. ಅವನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಮಾಡಿಸೋಣ ಎಂದು ನಾನು ಆಗಲೇ ಹೇಳಿದ್ದೆ.

"ಗ್ಲಾಸಿಗಿ ಧೂಳ್ ಕುಂತದ, ಒರಸಿದ್ರ ಹೋಗ್ತದ" ಎಂದ ಅಣ್ಣ. "ಅದಕ್ಕ್ಯಾಕ ಇಂಜಿನ್ ಬಿಚ್ಚಬೇಕು?"

"ಅಣ್ಣಾ, ಅಂಜಿಕಿ ಬರ್ತದಂದ್ರ ಅಂಜಿಕಿ ಅನ್ನು."

"ಘಾಟಿನಾಗ ಬ್ರೇಕ್ ಫೇಲ್ ಆದಾಗ ಅಂಜಿಲ್ಲ ನಾ. ನಿಮ್ಮ ಡಾಕ್ಟರ್‌ಗ ಅಂಜ್ತೀನಾ?"

ವೈನಿ ಸ್ಕೂಟರಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಗಿಯಿತು!

ನಡೆದು ಹೋಗೋಣವೆಂದರೆ ಕ್ಲಚ್ ಒತ್ತಿ ಒತ್ತಿ ಎಡಮೊಣಕಾಲು ಸವೆದಿದೆ. ಬಸ್ಸಿಗೆ ಅಲ್ಲಿ ಸ್ಟಾಪಿಲ್ಲ. ಇಲ್ಲದ ಸ್ಟಾಪಿನಲ್ಲಿ ನಿಲ್ಲಿಸು ಎಂದು ಕೇಳುವ ಮನುಷ್ಯನೇ ನನ್ನ ಅಣ್ಣ? ಆಟೋ ಹತ್ತಿಸಿದೆವು. ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು, ಬಾಯಿ "ಗಿಯರ್ ಇಳಸಲೇ! ಹಾರ್ನ್ ಹೊಡಿಯಲೇ! ಎಮ್ಮಿ ಬಂತಲೇ!" ಎನ್ನುತ್ತಲೇ ಇತ್ತು. ಆಟೋದವನು ಅರ್ಧ ದಾರಿಯಲ್ಲಿ ನಿಲ್ಲಿಸಿ ಕೈ ಮುಗಿದ. "ಕಾಕಾ, ಬಾಡಿಗಿ ಬ್ಯಾಡ. ಇಳೀರಿ."

ಹೀಗೆ ಗೋಡೆಗೆ ಮುಖ ಮಾಡಿ ಮಲಗಿದ ಅಣ್ಣ ಒಂದು ಬೆಳಿಗ್ಗೆ ಧಡಕ್ಕನೆ ಎದ್ದು ಕೂತು ಘೋಷಿಸಿದ: "ಕುದುರಿ ತರ್ತೀನಿ."

ನಾನು ಮೊದಲು ಅವನ ಜ್ವರ ನೋಡಿದೆ. ಇರಲಿಲ್ಲ.

ಅಂದಿನಿಂದ ಫೋನಿನಲ್ಲಿ ಅದೇ ವಿಡಿಯೋ, ಅದೂ ಓಣಿಗೆಲ್ಲ ಕೇಳುವಷ್ಟು ಜೋರಾಗಿ. ಮೊದಲ ಸಲ ಕುದುರೆ ಸಾಕುವವರು ಯಾವ ತಳಿಯನ್ನು ಆರಿಸಬೇಕು? ಸ್ವಭಾವ ಶಾಂತವಾಗಿರಬೇಕು, ಎತ್ತರ ಮಿತವಾಗಿರಬೇಕು, ನಮ್ಮ ಬಿಸಿಲಿಗೆ ಒಗ್ಗಬೇಕು, ತೀರ ಎಳೆಯದಿರಬಾರದು, ಮೊದಲೇ ಪಳಗಿರಬೇಕು, ಕೊಳ್ಳುವ ಮುಂಚೆ ಕಣ್ಣಾರೆ ನಡೆಸಿ ನೋಡಬೇಕು.

ರೊಟ್ಟಿ ತಟ್ಟುತ್ತಿದ್ದ ವೈನಿ ತಲೆ ಎತ್ತದೆ ಅಂದರು: "ನಮ್ಮಪ್ಪಗ ಆವಾಗ ಈ ವಿಡಿಯೋ ಸಿಕ್ಕಿದ್ರ, ನಾ ಬ್ಯಾರೆ ಮನಿ ಸೊಸಿ ಆಗಿರ್ತಿದ್ದೆ."

ಕುದುರೆ ನೋಡಲು ಅಣ್ಣನ ಜೊತೆ ನಾನೇ ಹೊರಟೆ. ಜೀವವಿರುವ ಯಾವುದನ್ನೇ ಮನೆಗೆ ತಂದರೂ ಅದರ ಉಸಿರು, ಹಲ್ಲು, ಚರ್ಮ ನೋಡದೆ ಒಳಗೆ ಬಿಡುವವಳಲ್ಲ ನಾನು. ಅಳಿಯನನ್ನೂ ಬಿಟ್ಟಿರಲಿಲ್ಲ.

ಮೊದಲನೆಯದು ಸುರಪುರದಲ್ಲಿ, ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರ ಮನೆಯಲ್ಲಿ. ಮಾರವಾಡಿ ತಳಿ. ಬಿಳಿ ಮೈ, ತುದಿಗೆ ತುದಿ ತಾಗುವಂತೆ ಬಾಗಿದ ಕಿವಿಗಳು. ನನಗೇ ಆಸೆಯಾಯಿತು! ಅಣ್ಣ ನೇರ ಹೋಗಿ, ಬಸ್ಸಿನ ಟೈರು ಪರೀಕ್ಷಿಸುವಂತೆ ಮುಂಗಾಲಿನ ಗೊರಸಿಗೆ ತನ್ನ ಬೂಟಿನಿಂದ ಟಕ್ಕೆಂದು ಒದ್ದ. ಹವಾ ಇದೆಯೋ ಇಲ್ಲವೋ ನೋಡಬೇಕಲ್ಲ! ಕುದುರೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಅಷ್ಟರಲ್ಲಿ ವೈನಿಯ ಫೋನ್ ಬಂತು. ಅಣ್ಣನ ಫೋನಿನ ಸದ್ದು ಬ್ಯಾಂಡಿನವರ ಸದ್ದಿಗಿಂತ ಕಡಿಮೆಯೇನಲ್ಲ. ಕೇಳಿದ್ದೇ ತಡ, ಕುದುರೆ ಎರಡು ಹಿಂಗಾಲಿನ ಮೇಲೆ ಕುಣಿಯತೊಡಗಿತು. ಲಗಾಮು ಹಿಡಿದಿದ್ದ ಅಣ್ಣನೂ ಅದರ ಸುತ್ತ ಕುಣಿಯಲೇಬೇಕಾಯಿತು. ಫೋನ್ ನಿಂತಿತು. ಕುಣಿತ ನಿಂತಿತು. ವೈನಿ ಮತ್ತೆ ಫೋನ್ ಮಾಡಿದರು.

"ಇದು ಬ್ಯಾಡ" ಎಂದ ಅಣ್ಣ ಏದುಸಿರು ಬಿಡುತ್ತ. "ಅಕಿ ದಿನಕ್ಕ ಎಷ್ಟ ಸಲ ಫೋನ್ ಮಾಡ್ತಾಳಂತ ನಿನಗ ಗೊತ್ತದಲ್ಲ!"

ಎರಡನೆಯದು ಕಡೇಚೂರಿನ ಹತ್ತಿರ, ಒಬ್ಬ ಗುತ್ತಿಗೆದಾರರ ಹೊಲದಲ್ಲಿ. ರೇಸಿನಲ್ಲಿ ಓಡಿ ನಿವೃತ್ತವಾದ ಕುದುರೆ. ಅದರ ಬೆನ್ನು ನೋಡಲು ನನಗೆ ಸ್ಟೂಲು ಬೇಕಾಯಿತು. ಅದಕ್ಕೆ ಲಾಯದಲ್ಲಿ ಫ್ಯಾನು, ತಿನ್ನಲು ಗಜ್ಜರಿ. ದೋಷ ಒಂದೇ. ಗೇಟು ತೆರೆದ ಸದ್ದಾದರೆ ಸಾಕು, ರೇಸು ಶುರುವಾಯಿತೆಂದು ತಿಳಿದು ಹೊಲದ ಸುತ್ತ ಓಡುತ್ತದೆ. ನಾವು ಬಂದದ್ದು ಗೇಟಿನಿಂದಲೇ ಅಲ್ಲವೇ? ಮಾಲೀಕರೊಂದಿಗಿನ ನಮ್ಮ ಮಾತುಕತೆಯೆಲ್ಲ ಕುದುರೆ ನಮ್ಮನ್ನು ಹಾದುಹೋಗುವ ನಡುನಡುವೆ ನಡೆಯಿತು.

"ನಿಲ್ಲೂದು ಎಲ್ಲಿರಿ?" ಎಂದ ಅಣ್ಣ.

"ಎಲ್ಲಿ ಅಂತ ಇಲ್ರಿ. ದಣಿವಾದಲ್ಲಿ ನಿಲ್ತದ."

ಅಣ್ಣ ನನ್ನ ಕಿವಿಯಲ್ಲಿ ಅಂದ: "ನಾನ್‌ಸ್ಟಾಪ್ ಗಾಡಿ. ನಮ್ಮ ರೂಟಿಗಿ ಆಗಂಗಿಲ್ಲ."

ಮೂರನೆಯದಕ್ಕೆ ಯಾದಗಿರಿಗೆ ಹೋದೆವು. ರೈಲು ನಿಲ್ದಾಣದ ಮುಂದೆ ಟಾಂಗಾ ಓಡಿಸುತ್ತಿದ್ದ ಚಾಚಾ ಒಬ್ಬರು ಆಟೋಗಳ ಕಾಟಕ್ಕೆ ಬೇಸತ್ತು ಕುದುರೆ, ಟಾಂಗಾ ಎರಡನ್ನೂ ಮಾರುವವರಿದ್ದರು. ಗಿಡ್ಡ ಕಂದು ಹೆಣ್ಣು ಕುದುರೆ. ನಮ್ಮ ಭೀಮಾ ದಂಡೆಯದೇ ತಳಿ, ಭೀಮಥಡಿ ಎನ್ನುತ್ತಾರೆ. ಅಂದ ಕೇಳಬೇಡಿ. ಹೊಟ್ಟೆ ಗಡಿಗೆ, ಮುಖ ನಿದ್ದೆಗೆಟ್ಟ ಗುಮಾಸ್ತನದು. ಆದರೆ ಉಸಿರು ಚೊಕ್ಕ, ಗೊರಸು ಕಲ್ಲು. ಅಣ್ಣ ಟಕ್ಕೆಂದು ಒದ್ದ. ಅದು ಸಂತೆಯಲ್ಲಿ ಯಾರೋ ಮೈ ತಾಗಿದಂತೆ ಸರಿದು ನಿಂತಿತು.

"ಏನ್ ತಿಂತದ, ಚಾಚಾ?"

"ಕಣಿಕಿ ಹಾಕು, ತಿಂತದ. ಹುಲ್ಲ ಹಾಕು, ತಿಂತದ. ಏನೂ ಹಾಕಬ್ಯಾಡ, ನಿನ್ನ ಟೊಪ್ಪಿಗಿ ತಿಂತದ."

"ಬ್ರೇಕ್?"

"ಅರೇ ಭಾಯ್, ಅದೇ ಅಲ್ಲ ಇದರ ಖೂಬಿ! ರಸ್ತಾದಾಗ ಯಾರರೆ ಕೈ ಎತ್ತಿದ್ರ ಸಾಕು, ನಿಂತೇಬಿಡ್ತದ. ನೀ ಬ್ಯಾಡಂದ್ರೂ ನಿಲ್ತದ. ಸವಾರಿ ಹತ್ತೂ ತನಕ ಹಂದಂಗಿಲ್ಲ."

ಅಣ್ಣನ ಮುಖ ಬೆಳಗಿತು. ಟಾಂಗಾ ಹತ್ತಿ, ಲಗಾಮು ಹಿಡಿದು ತಾನೇ ಕೂತ. ನಾನು, ಚಾಚಾ ಹಿಂದೆ. ಎದುರಿಗೆ ಒಬ್ಬ ಮೈಮುರಿದು ಆಕಳಿಸಿದ, ಕುದುರೆ ನಿಂತಿತು. ಮಾಳಿಗೆಯ ಮೇಲೆ ಒಬ್ಬಾಕೆ ಸೀರೆ ಒಣಗಹಾಕಲು ಕೈ ಎತ್ತಿದಳು, ನಿಂತಿತು. ಮುಂದೆ ವೃತ್ತದಲ್ಲಿ ಆಳೆತ್ತರದ ನಾಯಕರೊಬ್ಬರು ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈ ಬೀಸುತ್ತ ನಗುತ್ತಿದ್ದರು. ಕುದುರೆ ಅವರ ಮುಂದೆ ಶಿಸ್ತಾಗಿ ನಿಂತು ಕಾಯಿತು. ಅವರು ಹತ್ತಲಿಲ್ಲ.

"ಏ ಯಜಮಾನ್ರ, ನಕ್ಕೋತ ಏನ್ ನಿಂತೀರಿ? ಲಗೂನ ಹತ್ರಿ!" ಎಂದು ಗದರಿದ ಅಣ್ಣ.

ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಣ್ಣನ ತಮಾಷೆ ನನಗೇನು ಹೊಸದೇ?

"ಆರ್ಡಿನರಿ ಗಾಡಿ!" ಎಂದು ಅಣ್ಣ ದಾರಿಯುದ್ದಕ್ಕೂ ಸಂಭ್ರಮಪಟ್ಟ. "ಎಲ್ಲಾ ಕಡಿ ನಿಲ್ತದ, ಎಲ್ಲಾರ್ನೂ ಹತ್ತಿಸ್ಕೋತದ. ಮೊದಲ ಸಲ ಕುದುರಿ ತಗೊಳ್ಳಾವ್ರು ಇಂಥಾದ್ದೇ ತಗೋಬೇಕು!"

ಟಾಂಗಾದ ಸಮೇತ ಕುದುರೆ ಟೆಂಪೋದಲ್ಲಿ ಮನೆಗೆ ಬಂತು. ವೈನಿ ಅದನ್ನು ನೋಡಿದರು. ಅದು ವೈನಿಯನ್ನು ನೋಡಿತು. ಎರಡು ಕಡೆಯೂ ಮೆಚ್ಚುಗೆ ಕಾಣಲಿಲ್ಲ.

"ಒಂದೇ ಮಾತು" ಎಂದರು ವೈನಿ. "ಗುರುವಾರ ಒಂದ್ ಸಲ ನಿಮ್ಮ ಕಂಡಕ್ಟರ್ ಮನಿಗಿ ಹೋಗಿ ಬರ್ರಿ. ಚರಂಡಿಗಿ ಬಿದ್ರಿ, ಕುದುರಿ ವಾಪಸ್. ಮುಂದ ಜೀವ ಇರೂತನಕ ಕಟ್ಟಿ ಮ್ಯಾಲೇ ಕುಂದ್ರಬೇಕು. ಹೌದ್ರಿಲ್ಲೋ?"

"ಹೌದು" ಎಂದ ಅಣ್ಣ. ಅವನ ದನಿ ಇಳಿದದ್ದು ನಾನು ಗಮನಿಸಿದೆ. ಘಾಟಿನಲ್ಲಿ ಅಂಜದವನು ಕಟ್ಟೆಗೆ ಅಂಜಿದ್ದ.

ಹಾಗೆ ಗುರುವಾರ ಬಂತು, ಐದು ಗಂಟೆಯಾಯಿತು. ಅಣ್ಣ ಹಳೆಯ ಖಾಕಿ ಅಂಗಿ ತೊಟ್ಟು, ಟಾಂಗಾದ ಸುತ್ತ ಒಂದು ಸುತ್ತು ಬಂದು, ಎರಡೂ ಗಾಲಿಗೆ ಒದ್ದು, ಕುದುರೆಯ ಹಣೆ ಮುಟ್ಟಿ ನಮಸ್ಕರಿಸಿದ. ತನಿಖೆ ಮಾಡುವ ಅಧಿಕಾರಿಯಂತೆ ನಾನು ಹಿಂದೆ ಕೂತೆ. "ರೈಟ್" ಎಂದೆ. ಹೊರಟೆವು. ಕಿಟಕಿಗಳೆಲ್ಲ ಚಪ್ಪಾಳೆ ತಟ್ಟಿದವು.

ಓಣಿ ಮುಗಿಯುವ ತಿರುವು ಬಂತು. ಅದೇ ಚರಂಡಿ, ಅದೇ ಒಡೆದ ಹಾಸುಗಲ್ಲು. ಅದರ ಮುಂದೆ ಹಸಿರು ಇಳಕಲ್ ಸೀರೆ ಉಟ್ಟು, ಸೆರಗು ಬಿಗಿದು, ವೈನಿ ನಿಂತಿದ್ದರು! ಹುಚ್ಚಾಟ ನೋಡುವುದಿಲ್ಲ ಎಂದವರು, ಗಂಡ ಬೀಳಬಾರದೆಂದು ಚರಂಡಿಗೆ ತಾವೇ ಅಡ್ಡಗೋಡೆಯಾಗಿ ನಿಂತಿದ್ದರು. ನಮ್ಮನ್ನು ಕಂಡು ಕೈ ಎತ್ತಿದರು.

ಕುದುರೆ ನಿಂತಿತು. ಅದರ ಉಸಿರಿಗೆ ಅವರ ಸೆರಗು ಅಲುಗುವಷ್ಟು ಹತ್ತಿರ.

ಅಣ್ಣ ಲಗಾಮು ಸಡಿಲಿಸಿ, ಪ್ರಯಾಣಿಕರೊಂದಿಗೆ ಮಾತ್ರ ಆಡುವ ಮರ್ಯಾದೆಯ ದನಿಯಲ್ಲಿ ಕೇಳಿದ:

"ಎಲ್ಲಿಗ್ರಿ, ತಾಯಿ?"

ನಾನು ನಗಲು ಬಾಯಿ ತೆರೆದೆ. ಫ್ಲೆಕ್ಸಿನ ನಾಯಕರು ನೆನಪಾದರು. ನಗೆ ಹೊರಬರಲಿಲ್ಲ.

ವೈನಿ ಗಂಡನ ಮುಖ ನೋಡಿದರು. ಆಮೇಲೆ ಅವನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಎತ್ತಿದ ಕೈ ನಿಧಾನ ಇಳಿಯಿತು. ಜೀವಮಾನವಿಡೀ ಬಾಯಿಗೆ ಬಾಯಿ ಕೊಟ್ಟ ಹೆಂಗಸು ಅವರು. ಒಂದು ಚುಚ್ಚುಮಾತೂ ಆಡಲಿಲ್ಲ. ಅಂದದ್ದು ಇಷ್ಟೇ:

"ನೀವ್ ಎಲ್ಲಿಗಿ ಹೊಂಟೀರಿ, ಅಲ್ಲಿಗೇರಿ."

ದನಿ ಕೇಳಿ ಅಣ್ಣ ಕಲ್ಲಾದ. ಆಮೇಲೆ ಪಕ್ಕಕ್ಕೆ ಸರಿದು, ತನ್ನ ಬಳಿಯ ಜಾಗವನ್ನು ಅಂಗೈಯಿಂದ ಒರೆಸಿದ.

"ಹಿಂದ ತನಿಖಿ ಸಾಹೇಬ್ರು ಕುಂತಾರ. ಮುಂದ ಬಾ."

ವೈನಿ ಹತ್ತಿ ಕೂತರು. "ಡ್ರೈವರ್ ಸಂಗಟ ಮಾತಾಡಬಹುದೇನ್ರಿ ಇವತ್ತು?"

"ಮಾತಾಡ್ಕೋತ ಬಾ" ಎಂದ ಅಣ್ಣ. ಬಹಳ ಸಣ್ಣ ದನಿಯಲ್ಲಿ ಸೇರಿಸಿದ: "ದಾರಿ ಹೇಳ್ಕೋತ ಬಾ."

ರೈಟ್ ಅನ್ನುವುದು ನನ್ನ ಕೆಲಸ. ಅಂದೆ.

ಗೋಗಿ ರಸ್ತೆಯುದ್ದಕ್ಕೂ ವೈನಿ, "ಎಡಕ್ಕ ತೆಗ್ಗು ಅದ. ಮುಂದ ಎಮ್ಮಿ ಬರಾಕತ್ತಾವ. ಸ್ವಲ್ಪ ತಡೀರಿ. ಹಾಂ, ಹೋಗ್ರಿ" ಎನ್ನುತ್ತಿದ್ದರು. ಅಣ್ಣನ ಬಲಗಾಲು ಬ್ರೇಕು ಹುಡುಕಲಿಲ್ಲ. ಕಂಡಕ್ಟರರ ಮನೆಯಲ್ಲಿ ಚಹಾ ಆಯಿತು, ಕುರಿಯ ಜಗಳ ಆಯಿತು. ಈ ಸಲ ವೈನಿಯೂ ಸೇರಿ, ತಪ್ಪು ಇಬ್ಬರದೂ ಅಲ್ಲ, ಕುರಿಯದು ಎಂದು ತೀರ್ಪು ಕೊಟ್ಟರು. ಇಬ್ಬರೂ ಒಪ್ಪಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಕುದುರೆ ಬಿಚ್ಚಿ ಕಟ್ಟಿದ್ದಾಯಿತು. ನೀರಿಟ್ಟೆ, ಕಣಿಕೆ ಹಾಕಿದೆ. ಅಣ್ಣ ಅದರ ಕಣ್ಣಪಟ್ಟಿ ಕಳಚುತ್ತ, ನನ್ನ ಕಡೆ ತಿರುಗದೆ ಕೇಳಿದ:

"ಆ ನಿಮ್ಮ ಕಣ್ಣಿನ ಡಾಕ್ಟರ್ ಬಲ್ಲಿ, ಗಾಡಿ ನಿಲ್ಲಸಾಕ ನೆಳ್ಳು ಅದೇನು?"

ಆ ದಿನದ ಕೊನೆಯ ಕೆಲಸ, ಫೋನು. ಸೋಮವಾರಕ್ಕೆ ಅಣ್ಣನ ಹೆಸರು ಬರೆಸಿದೆ. ಅಂಗಳದಲ್ಲಿ ಬೇವಿನ ಗಿಡ ಇದೆ, ಗಾಡಿ ಆರಾಮಾಗಿ ನಿಲ್ಲಿಸಬಹುದು ಎಂದರು ಡಾಕ್ಟರು. ಯಾವ ಗಾಡಿ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಂಗಳದಲ್ಲಿ ಯಾರೂ ಕೈ ಎತ್ತದಿದ್ದರೆ ಸಾಕು ಎಂದುಕೊಂಡು ಫೋನ್ ಇಟ್ಟೆ.