ಒಂದು ಗೀರೂ ಬೀಳದ ಸೈಕಲ್

“ಹಳೇ ಸಾಮಾನು ಏನಾದ್ರೂ ಇದ್ರೆ ತನ್ನಿ ಅಜ್ಜ. ಅದನ್ನ ನೋಡಿ ಕೆಲವರಿಗೆ ನೆನಪು ಬರುತ್ತೆ” ಅಂತ ಆಸೆನ್ ಊರಿನ ವೃದ್ಧಾಶ್ರಮದ ನರ್ಸ್ ಮಾರಿಟ್ ಫೋನಿನಲ್ಲಿ ಅಂದದ್ದೇ ತಡ, ಹರ್ಮೆನ್ ಮುದುಕನ ಕಣ್ಣು ಗೋಡೆಗೆ ಒರಗಿಸಿದ್ದ ಹಸಿರು ಸೈಕಲ್ಲಿನ ಮೇಲೆ ಬಿತ್ತು. ಅದು ಆ ಆಶ್ರಮದಲ್ಲೇ ಇದ್ದ ಅವನ ಹೆಂಡತಿ ಫೆನ್ನಾಳದು. ಅವಳಿಗೆ ಗಂಡನ ಗುರುತು ಹತ್ತದೆ ಒಂದು ಚಳಿಗಾಲವೇ ಕಳೆದಿತ್ತು. ಹೋದಾಗಲೆಲ್ಲ “ನಲ್ಲಿ ರಿಪೇರಿಗೆ ಬಂದ್ರಾ?” ಅಂತ ಕೇಳುತ್ತಿದ್ದಳು. ಒಂದೇ ಒಂದು ಸಲ ಅವಳು ‘ಹರ್ಮೆನ್’ ಅಂತ ಕರೆದರೆ ಸಾಕು ಅಂತ ಈ ಪಾಪದ ಮನುಷ್ಯ ಹಂಬಲಿಸಿ ಅರ್ಧ ಆಗಿದ್ದ.

ಆದರೆ ಹರ್ಮೆನ್‌ಗೂ ಕಾರಿನ ಮೇಲೆ ಕಟ್ಟಿದ ಸೈಕಲ್ಲಿಗೂ ಆಗಿಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಸಮುದ್ರ ನೋಡಲು ಹೋದಾಗ, ಮೇಲೆ ಸೈಕಲ್ ಇರುವುದನ್ನೇ ಮರೆತು ತಗ್ಗು ಕಮಾನಿನ ಕೆಳಗೆ ಕಾರು ನುಗ್ಗಿಸಿ, ಅವಳ ಹೊಚ್ಚ ಹೊಸ ಸೈಕಲ್ಲನ್ನು ಹಪ್ಪಳ ಮಾಡಿದ್ದ. ಈ ಹಸಿರು ಸೈಕಲ್ ಅದರ ಬದಲಿಗೆ ಕೊಂಡದ್ದು. ಆಮೇಲೆ ಯಾರ ಮನೆ ಹುಟ್ಟುಹಬ್ಬವೇ ಇರಲಿ, ನೆಂಟರೆಲ್ಲ ದುಂಡಗೆ ಕುರ್ಚಿ ಹಾಕಿಕೊಂಡು ಕಾಫಿ ಕೈಗೆ ಬಂತೆಂದರೆ ಫೆನ್ನಾ ಶುರು ಹಚ್ಚುತ್ತಿದ್ದಳು: “ನನ್ನ ಗಂಡನ ಕೈಗೆ ಮಗು ಬೇಕಾದ್ರೂ ಕೊಡಿ, ಸೈಕಲ್ ಮಾತ್ರ ಕೊಡಬೇಡಿ!” ಜನ ಬಿದ್ದು ಬಿದ್ದು ನಗೋರು. ಹರ್ಮೆನ್ ಬಿಸ್ಕತ್ತು ಕಡಿಯುತ್ತಾ ಕೂರುತ್ತಿದ್ದ.

ಅವತ್ತು ಕಾರಿನ ನೆತ್ತಿಗೆ ಸೈಕಲ್ ಏರಿಸುವಷ್ಟರಲ್ಲಿ ಪಕ್ಕದ ಮನೆಯ ಬೌಕ ಹಾಜರಾದ. ಅವನ ಹಿಂದೆ ಅವನ ಹೆಂಡತಿ ರೆನ್ಸ್ಕ.

“ಪಟ್ಟಿ ಸಡಿಲ ಆಯ್ತು ಕಣೋ. ಇನ್ನೂ ಬಿಗಿ!” ಅಂದ ಬೌಕ.

“ಅಷ್ಟು ಬಿಗಿದ್ರೆ ಬಣ್ಣ ಕಿತ್ತು ಬರುತ್ತೆ, ಸುಮ್ನಿರಿ” ಅಂದಳು ರೆನ್ಸ್ಕ.

“ನಿಂಗೇನು ಗೊತ್ತಾಗುತ್ತೆ?”

“ನಿಮಗೇನು ಗೊತ್ತಾಗುತ್ತೆ? ಹೋದ ವರ್ಷ ನಮ್ಮ ಸೋಫಾ ಕಾಲುವೆಗೆ ಬಿತ್ತಲ್ಲ, ಯಾರು ಕಟ್ಟಿದ್ದು?”

ಬೌಕ ಪಟ್ಟಿ ಕೈಬಿಟ್ಟ. ಆದರೂ ಸೋತು ಹೋಗುವ ಜಾತಿಯಲ್ಲ ಅದು. ಮನೆಗೆ ಓಡಿ ಹೊಲಕ್ಕೆ ಹಾಕುವ ಒಂದು ಮರದ ಬೂಟು ತಂದು, ಕಾರಿನೊಳಗೆ ಡ್ರೈವರ್ ಸೀಟಿನ ಮುಂದಿನ ಕನ್ನಡಿಗೆ ನೇತುಹಾಕಿದ. “ಇದು ಕಂಡಾಗೆಲ್ಲ ಮೇಲೆ ಸೈಕಲ್ ಇದೆ ಅಂತ ನೆನಪಾಗ್ಬೇಕು.”

ಕಾಣುವುದೇನು ಬಂತು, ಬ್ರೇಕ್ ಒತ್ತಿದಾಗೆಲ್ಲ ಆ ಬೂಟು ಮುಂದಿನ ಗಾಜಿಗೆ ಬಡಿದು ಹಾರಿ ಬಂದು ಹಣೆಗೆ ಟಪ್ಪೆಂದು ಹೊಡೆಯಿತು. ಹರ್ಮೆನ್ ರೈಲು ಸೇತುವೆಗೆ ಹೆದರಿ ಹೊಲಗಳ ದಾರಿ ಹಿಡಿದ. ಮರದ ಕೊಂಬೆ ಕಂಡರೂ ಇಳಿದು ನೋಡಿದ. ಹಿಂದೆ ಟ್ರ್ಯಾಕ್ಟರಿನವನೊಬ್ಬ “ಮೆರವಣಿಗೆ ಯಾರದಜ್ಜ?” ಅಂತ ರೇಗಿಸಿದ. ವೃದ್ಧಾಶ್ರಮ ಮುಟ್ಟುವಾಗ ಹಣೆ ಮೇಲೆ ನಿಂಬೆಹಣ್ಣಿನಷ್ಟು ಊತ.

ಅಲ್ಲಿನ ಗೇಟಿನ ಮೇಲೆ ಅಡ್ಡಲಾಗಿ, ಕಾರಿನ ನೆತ್ತಿಗಿಂತ ತುಸುವೇ ಎತ್ತರದಲ್ಲಿ, ಹಳದಿ ಕಬ್ಬಿಣದ ತೊಲೆ! ಹರ್ಮೆನ್ ಒಳಗೊಳಗೇ ನಕ್ಕ. ಹೊರಗೇ ನಿಲ್ಲಿಸಿ, ಸೈಕಲ್ ಇಳಿಸಿ ಬೇಲಿಗೆ ಒರಗಿಸಿ, ಬೂಟನ್ನು ಬಿಚ್ಚಿ ಹಿಂದಿನ ಸೀಟಿಗೆ ಎಸೆದು, ಬರಿ ಕಾರನ್ನು ಒಳಗೆ ಬಿಟ್ಟು ಬಂದ. ಆಮೇಲೆ ಮದುವೆ ಗಂಡಿನ ಹಾಗೆ ಎದೆಯುಬ್ಬಿಸಿ ಸೈಕಲ್ ತಳ್ಳಿಕೊಂಡು ತೋಟಕ್ಕೆ ನಡೆದ.

ಫೆನ್ನಾ ಬೆಂಚಿನ ಮೇಲಿದ್ದಳು. ಸೈಕಲ್ ಕಂಡದ್ದೇ ಎದ್ದು ಬಂದಳು. ಗಂಟೆ ಬಾರಿಸಿದಳು, ಸೀಟು ಸವರಿದಳು. “ನನ್ನ ಸೈಕಲ್!” ಅಂದಳು. ಹರ್ಮೆನ್ ಒಂದು ಹೆಜ್ಜೆ ಮುಂದೆ ಬಂದ.

“ಕಾರಿನ ಮೇಲೆ ಕಟ್ಟಿ ತಂದೆ ಫೆನ್ನಾ. ನೋಡು, ಒಂದು ಗೀರೂ ಬಿದ್ದಿಲ್ಲ. ನಾನು ಕಣೆ, ನಿನ್ನ ಹರ್ಮೆನ್.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ ಕಿಸಕ್ಕನೆ ನಕ್ಕಳು. “ಯಾರಿಗ್ರೀ ಟೋಪಿ ಹಾಕ್ತೀರಿ? ನನ್ನ ಹರ್ಮೆನ್ ಆಗಿದ್ರೆ ಇಷ್ಟೊತ್ತಿಗೆ ಇದನ್ನ ಹಪ್ಪಳ ಮಾಡಿರ್ತಿದ್ದ. ನೀವು ಒಳ್ಳೇ ಜಾಗ್ರತೆ ಮನುಷ್ಯರು. ನಲ್ಲಿ ರಿಪೇರಿಗೆ ಬಂದ್ರಾ?”

ಅಷ್ಟರಲ್ಲಿ ಮಾರಿಟ್ ಬಂದು ಮೆಲ್ಲಗೆ, “ಸೈಕಲ್ ಇಲ್ಲಿ ಬಿಡೋ ಹಾಗಿಲ್ಲ ಅಜ್ಜ, ಮೊನ್ನೆ ಒಬ್ರು ಹತ್ತಿ ರೈಲ್ವೆ ಸ್ಟೇಷನ್‌ವರೆಗೂ ಹೋಗ್ಬಿಟ್ಟಿದ್ರು. ವಾಪಸ್ ತಗೊಂಡು ಹೋಗಿ” ಅಂದಳು.

ಹರ್ಮೆನ್ ಗೇಟಿನ ಒಳಗೆ ಕಾರು ನಿಂತ ಜಾಗದಲ್ಲೇ ಸೈಕಲ್ಲನ್ನು ಮತ್ತೆ ಮೇಲೇರಿಸಿ ಕಟ್ಟಿದ. ಕಣ್ಣು ತುಂಬಿ ಮುಂದಿನದೇನೂ ಕಾಣುತ್ತಿರಲಿಲ್ಲ. ಬೂಟು ಹಿಂದಿನ ಸೀಟಿನಲ್ಲೇ ಮಲಗಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದವಳು ಹೀಗಂದುಬಿಟ್ಟಳಲ್ಲ ಅಂತ ಯೋಚಿಸುತ್ತಾ ಗೇಟಿನತ್ತ ಕಾರು ಬಿಟ್ಟ.

ಧಡಾರ್!

ಸೈಕಲ್ ಹಳದಿ ತೊಲೆಗೆ ಬಡಿದು ಮುರಿದು, ತಲೆಕೆಳಗಾಗಿ ಹಿಂದೆ ಬಿತ್ತು. ಸದ್ದಿಗೆ ಆಶ್ರಮವೇ ಹೊರಗೆ ಬಂತು. ಎಲ್ಲರಿಗಿಂತ ಮುಂದೆ ಫೆನ್ನಾ. ಸದ್ಯ, ಈಗಲಾದರೂ ಗುರುತು ಹಿಡಿಯುತ್ತಾಳೆ ಅಂತ ಹರ್ಮೆನ್ ಆಸೆಯಿಂದ ಕೆಳಗಿಳಿದ.

“ಯಾರಯ್ಯಾ ನೀನು, ಕಣ್ಣು ಕಾಣಲ್ವಾ?” ಅಂತ ಎರಗಿದಳು ಅವಳು. “ಈಗ ತಾನೆ ನನ್ನ ಹರ್ಮೆನ್ ಒಂದು ಗೀರೂ ಬೀಳದ ಹಾಗೆ ತಂದುಕೊಟ್ಟಿದ್ದ ಸೈಕಲ್ ಇದು! ಹೂವಿನ ಹಾಗೆ ತಂದಿದ್ದ ಕಣಯ್ಯಾ!”

ಮದುವೆಯಾದಾಗಿನಿಂದ ಹರ್ಮೆನ್ ಅವಳ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ.

“ನಿಮ್ಮ ಯಜಮಾನ್ರು ಅಷ್ಟು ಜಾಗ್ರತೆಯವರಾ?” ಅಂತ ಕೇಳಿದ.

“ಮತ್ತೆ! ಅವನು ಬರಲಿ, ನಿನಗೆ ಮಾಡ್ತಾನೆ.” ಫೆನ್ನಾ ಅವನ ತೋಳನ್ನು ಗಟ್ಟಿಯಾಗಿ ಹಿಡಿದು ಎಳೆದೊಯ್ದು ತೋಟದ ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡಳು. “ಅವನು ಬರೋ ತನಕ ಎಲ್ಲೂ ಹೋಗಕೂಡದು.”

“ಇಲ್ಲಮ್ಮಾ, ಹೋಗಲ್ಲ” ಅಂದ ಹರ್ಮೆನ್. ಇಬ್ಬರೂ ಗೇಟನ್ನೇ ನೋಡುತ್ತಾ ಕೂತರು.