ದನಿಯಿಲ್ಲದ ಅಕ್ಕನ ವಿಷಯದಲ್ಲಿ ತಿದ್ದುಪಡಿ ಕೋರಿ

ಇಂದ:
ಸಾರ್ವಜನಿಕ ಹಿತಾಸಕ್ತಿ ವಕೀಲ
(ಮನೆಯಲ್ಲಿ ‘ಊರಿಗೆ ಉಪಕಾರಿ’, ಗಾದೆಯ ಉಳಿದರ್ಧ ತಮಗೆ ತಿಳಿದೇ ಇದೆ)

ಗೆ:
ಮಾನ್ಯ ನ್ಯಾಯಾಧೀಶರು,
ಎರಡನೇ ಮಹಡಿ, ನ್ಯಾಯಾಲಯ ಕಟ್ಟಡ

ವಿಷಯ: ನನ್ನ ಅಫಿಡವಿಟ್‌ನಲ್ಲಿರುವ ಎರಡು ಸುಳ್ಳುಗಳನ್ನು ತೆಗೆದುಹಾಕುವ ಕುರಿತು.

ಉಲ್ಲೇಖ: 1) ಇದೇ ಕಟ್ಟಡಕ್ಕೆ ಲಿಫ್ಟ್ ಮತ್ತು ಇಳಿಜಾರು ದಾರಿ ಕೋರಿ ನಾನು ಹಾಕಿರುವ ಅರ್ಜಿ.
2) ನಿನ್ನೆ ಮೆಟ್ಟಿಲ ಬುಡದಲ್ಲಿ ಅಕ್ಕ ಆಡಿದ ಮಾತು.

ಮಾನ್ಯರೇ,

1. ಇಂಥ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವವನು ತನಗೆ ಸ್ವಂತ ಹಿತಾಸಕ್ತಿ ಏನೂ ಇಲ್ಲವೆಂದು ಪ್ರಮಾಣ ಮಾಡುವುದು ಪದ್ಧತಿ. ಆ ಕಾರಣ ನಾನೂ ಮಾಡಿದೆ. ‘ದನಿಯಿಲ್ಲದವರ ಪರವಾಗಿ’ ಎಂದೂ ಸೇರಿಸಿದೆ. ಬರೆಯುವಾಗ ನನ್ನ ಕಣ್ಣೇ ತುಂಬಿ ಬಂದಿತ್ತು.

2. ನನ್ನ ಅಕ್ಕ ಗಾಲಿಕುರ್ಚಿಯಲ್ಲಿ ಓಡಾಡುವವಳು. ನಿನ್ನೆ ನನ್ನ ವಾದ ಕೇಳಲು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಳು. ಮೆಟ್ಟಿಲ ಬುಡದವರೆಗೆ ಬಂದಳು.

3. ನಾನು ಮೇಲೆ ಮೆಟ್ಟಿಲುಗಳ ಕ್ರೌರ್ಯದ ಬಗ್ಗೆ ಗಂಟಲು ಹರಿದುಕೊಂಡು ಕೆಳಗಿಳಿದೆ. ಎದುರು ಪಕ್ಷದ ವಕೀಲರು ಅಕ್ಕನನ್ನು ನೋಡಿ, “ಇವರು ನಿಮಗೇನಾಗಬೇಕು?” ಎಂದರು. ಸ್ವಂತ ಹಿತಾಸಕ್ತಿಯೆಂದು ಅರ್ಜಿ ವಜಾ ಆದೀತೆಂಬ ಭಯಕ್ಕೆ, “ಸಾರ್ವಜನಿಕರು” ಎಂದುಬಿಟ್ಟೆ.

4. ಅಕ್ಕ ಹೇಳಿದಳು: “ಹೌದು ಸಾರ್, ನಾನು ಸಾರ್ವಜನಿಕರು. ಇವನಿಗೆ ಮಗ್ಗಿ ಕಲಿಸಿದ, ಮೂಗು ಒರೆಸಿದ ಸಾರ್ವಜನಿಕರು.” ತಮ್ಮ ಜವಾನರು ಎರಡನೇ ಮಹಡಿಯ ಕಿಟಕಿಯಿಂದ ಬಗ್ಗಿ, “ಯಾರ್ರೀ ಅದು, ಮೆಲ್ಲಗೆ ಮಾತಾಡಿ” ಎಂದರು. ಆಮೇಲೆ ಅವಳು ನನಗಷ್ಟೇ ಕೇಳುವಂತೆ, “ನನ್ನ ಪರವಾಗಿ ಮಾತಾಡು, ಬೇಡ ಅನ್ನಲ್ಲ ಕಣೋ. ನಾನು ಯಾರು ಅಂತ ಹೇಳಿ ಮಾತಾಡು” ಎಂದಳು. ಮಾನ್ಯರೇ, ನಾಚಿಕೆಯಾಯಿತು.

5. ಬರಲಾಗದವರ ಪರವಾಗಿ ಇನ್ನೊಬ್ಬರು ಬಾಗಿಲು ತಟ್ಟಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಈ ಕಾನೂನು ಬೆಳೆಯಿತು. ತಟ್ಟುತ್ತಾ ತಟ್ಟುತ್ತಾ ನನ್ನಂಥವರು ಬಾಗಿಲಿಗೇ ಅಡ್ಡ ನಿಂತೆವು. ಇದರ ಭವಿಷ್ಯ ಕುರಿತು ಮುಂದಿನ ವಾರ ವಕೀಲರ ಸಂಘದಲ್ಲಿ ನನ್ನ ಭಾಷಣವಿದೆ. ಅದೂ ಎರಡನೇ ಮಹಡಿಯಲ್ಲೇ.

ಆದ್ದರಿಂದ, ‘ಸ್ವಂತ ಹಿತಾಸಕ್ತಿ ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಅಕ್ಕ ಇದ್ದಾಳೆ’ ಎಂದು ಓದಿಕೊಳ್ಳಬೇಕು. ‘ದನಿಯಿಲ್ಲದವರು’ ಎಂಬುದರ ಬಗ್ಗೆ ಜವಾನರನ್ನು ವಿಚಾರಿಸಬಹುದು. ನನ್ನನ್ನು ಕೈಬಿಟ್ಟು ಅವಳನ್ನೇ ಅರ್ಜಿದಾರಳನ್ನಾಗಿ ಮಾಡಬೇಕು. ಅವಳಿಗೆ ವಕೀಲ ಬೇಕೆನಿಸಿದರೆ ನಾನಿದ್ದೇನೆ, ಇನ್ನೂ ಕೇಳಿಲ್ಲ.

ತಮ್ಮ ವಿಶ್ವಾಸಿ,
ಅಕ್ಕನಿಗೆ ತಮ್ಮನಾಗಬೇಕಾದವನು

ಲಗತ್ತುಗಳು:
1. ತಿದ್ದಿದ ಅಫಿಡವಿಟ್.
2. ಅಕ್ಕ.

ವಿ.ಸೂ.: ಲಗತ್ತು 2 ಮೇಲಕ್ಕೆ ಬರಲು ದಾರಿಯಿಲ್ಲದ ಕಾರಣ, ತಾವೇ ಕೆಳಗಿಳಿದು ಬಂದು ಪರಿಶೀಲಿಸಬೇಕಾಗಿ ಕೋರಿಕೆ.